ನಮ್ಮನಿಯವರ ಫುಲ್ ಟ್ಯಾಂಕ್

ನಮ್ಮನಿಯವರ ಹೆಸರು ಈರಪ್ಪ. ಹೂಂ, ಹೇಳಿದೆ, ಏನಾತೀಗ? ಗಂಡನ ಹೆಸರು ಬಾಯಾಗ ತಗೋಬಾರ್ದಂತ ನಮ್ಮತ್ತಿ ಕಲಿಸಿದ್ರು, ನಾನೂ ಲಗ್ನಾದಾಗಿಂದ ಪಾಲಿಸ್ಕೊಂಡು ಬಂದಾಕಿನ. ಆದ್ರ ಅವತ್ತು ಆ ಪೆಟ್ರೋಲ್ ಪಂಪಿನ್ಯಾಗ, ಇಷ್ಟೊಂದು ಮಂದಿ ನೋಡಾಕತ್ತಿದ್ರೂ, "ಏ ಈರಪ್ಪಾ, ಬಿಡೋ ಪುಣ್ಯಾತ್ಮಾ, ಸಾಕು!" ಅಂತ ಒದರಿಬಿಟ್ಟೆ. ಒಮ್ಮೆ ಒದರಿದ ಮ್ಯಾಲೆ ಇನ್ನ ಎಂಥಾ ಮಡಿ, ಎಂಥಾ ಮೈಲಿಗಿ? ಈಗ ದಿನಾ ತಗೋತೇನಿ.

ಇಳಕಲ್ಲಿನ ಬಜಾರದಾಗ ನಮ್ದೊಂದು ಕಾಳು-ಕಡಿ ಅಂಗಡಿ ಐತಿ. ಜ್ವಾಳ, ಗೋದಿ, ತೊಗರಿ, ಕಡ್ಲಿ. ಇವರು ಸಣ್ಣವರಿದ್ದಾಗ ನಮ್ಮ ಮಾವ ಸೇರಿನಿಂದ ಅಳದು ಕೊಡ್ತಿದ್ರಂತ. ಸೇರು ಬಾಯಿಮಟ ತುಂಬಿದ್ರ ಅದು ಅಳತಿ ಅಲ್ಲ. ಮ್ಯಾಲೆ ಗುಡ್ಡ ಏಳಬೇಕು, ಗುಡ್ಡದಿಂದ ನಾಕು ಕಾಳು ಉರುಳಿ ಗಿರಾಕಿ ಚೀಲಕ್ಕ ಬೀಳಬೇಕು, ಅವಾಗ ಅಳತಿ. ಈಗ ಕರೆಂಟಿನ ತಕ್ಕಡಿ ಬಂದೈತಿ. ಕೆಂಪು ಅಂಕಿ ತೋರಿಸಿ ಸುಮ್ಮನಾಗತೈತಿ ಬಡಪಾಯಿ. ಇವರಿಗೆ ಅದರಿಂದ ಸಮಾಧಾನ ಆಗಂಗಿಲ್ಲ. ತೂಕಾದ ಮ್ಯಾಲೆ ಒಂದು ಬೊಗಸಿ ಸುರೀತಾರ, ಚೀಲದ ಎರಡೂ ಕಿವಿ ಹಿಡದು ನೆಲಕ್ಕ ಕುಕ್ಕತಾರ, ಮೊಣಕಾಲಿಲೆ ಒತ್ತಿ ಅಲುಗ್ಯಾಡಸತಾರ, ಮತ್ತ ಬಾಯಿ ತಗದು ಒಳಗ ಹಣಿಕಿ ಹಾಕಿ, "ಇನ್ನಾ ಹಿಡೀತೈತಿ" ಅಂತಾರ. ಗಿರಾಕಿ ಹರಸ್ಕೋತ ಹೋಗ್ತಾರ. ಚೆಲ್ಲಿದ ಕಾಳು ಬಳ್ಯಾಕಿ ನಾ.

ಇದು ಅಂಗಡ್ಯಾಗಷ್ಟ ಇದ್ರ ನಾ ಯಾಕ ಬಾಯಿ ಬಡ್ಕೋಲಿ? ಮನ್ಯಾಗ ಚಾ ಅಂದ್ರ ಕಪ್ಪು ತುಂಬಿ ಬಸಿಗೂ ಇಳದಿರಬೇಕು. ಕುಡ್ಯಾಕ ನೀರು ತರ್ರಿ ಅಂದ್ರ ಅಡಗಿಮನಿಯಿಂದ ಪಡಸಾಲಿಮಟ ಹನಿ ಬಿದ್ದಿರತಾವು. ಬಂದವರಿಗೆ ಊಟಕ್ಕ ನೀಡಾಕ ನಿಂತ್ರಂತೂ ಆ ಮಂದಿ ಗತಿ ಕೇಳಬ್ಯಾಡ್ರಿ, ಕೈ ಅಡ್ಡ ಹಿಡದು, ತಾಟಿನ ಮ್ಯಾಲೆ ಬಗ್ಗಿ, ಕಡೀಕ ತಾಟು ಎತ್ಕೊಂಡು ಓಡಿ ಹೋಗಬೇಕು. ಊರಿಗೆ ಹೊಂಟ್ರ ಬ್ಯಾಗಿನ ಚೈನು ಹರಿಯೋಮಟ ತುರುಕತಾರ. ನಾ ಬೈತೇನಿ, ಅವರು ನಗತಾರ. "ಅರ್ಧಾ ಕೊಟ್ಟ ಅಂತ ಯಾರಿಗೂ ಅನಿಸಬಾರ್ದು ನೋಡ ಸುನಂದಾ" ಅಂತಾರ. ಆ ಮಾತಿಗೆ ಏನು ತಿರುಗಿ ಹೇಳಬೇಕಂತ ನನಗ ಇವತ್ತಿಗೂ ತಿಳದಿಲ್ಲ, ಅದಕ್ಕ ಇನ್ನಾ ಸಿಟ್ಟು ಬರತೈತಿ.

ನಮಗ ಒಬ್ಬಾಕಿನ ಮಗಳು, ವಿದ್ಯಾ. ಬಾಗಲಕೋಟ್ಯಾಗ ಒಂದು ಸಾಲ್ಯಾಗ ಹಿಂದಿ ಕಲಸತಾಳ. ಅದ ಸಾಲ್ಯಾಗ ಅನಿಲಕುಮಾರ ಅಂತ ಡ್ರಿಲ್ ಮಾಸ್ತರ. ಬಾದಾಮಿ ಹತ್ತರ ಚೊಳಚಗುಡ್ಡದ ಹುಡುಗ, ಬನಶಂಕರಿ ಗುಡಿಯಿಂದ ಒಂದು ಕೂಗಿನಷ್ಟು ದೂರ ಅವರ ಮನಿ. ಹಿಂದಿಗೂ ಡ್ರಿಲ್ಲಿಗೂ ಏನವಾ ಸಂಬಂಧ ಅಂತ ನಾ ಕೇಳಿದೆ. ಮಗಳು ನಕ್ಕಳು, ಕೆಳಗ ನೋಡಿದಳು. ಅಷ್ಟ ಸಾಕಾತು ನನಗ. ಹುಡುಗ ಚೊಲೋ, ಮನಿತನ ಚೊಲೋ, ಬ್ಯಾಡನ್ನಾಕ ಏನೂ ಇದ್ದಿಲ್ಲ.

ಆದ್ರ ಆ ಮನ್ಯಾಗ ಒಂದು ನಾಜೂಕಿನ ವಿಷಯ ಇತ್ತು. ಅನಿಲನ ಅಪ್ಪ ತೀರಿ ಭಾಳ ವರ್ಷಾಗೇತಿ. ಅವರವ್ವ ಶಿವಲಿಂಗವ್ವ ಒಬ್ಬಾಕಿನ ಹೊಲಾ ಮಾಡಿಸಿ ಮಗನ್ನ ಓದಿಸಿದ ಹೆಣ್ಣುಮಗಳು. ಗಂಡ ಹೋದ ಮ್ಯಾಲೆ ಯಾವ ಶುಭಕಾರ್ಯದಾಗೂ ಮುಂದ ಬಂದಿಲ್ಲ. ಬರಗೊಟ್ಟಿಲ್ಲ ಅನ್ರಿ. ಸ್ವಂತ ತಂಗಿ ಮಗಳ ಲಗ್ನದಾಗೂ ಅಡಗಿಮನ್ಯಾಗ ಕುಂತು ಹೋಳಗಿ ಲಟ್ಟಿಸ್ಯಾರ, ಆರತಿ ತಟ್ಟಿ ಮುಟ್ಟಿಲ್ಲ. ಈ ಸಲ ಮಗ ಹಟಾ ಹಿಡದಿದ್ದ. ನನ್ನ ಕಾರ್ಯದಾಗ ನಮ್ಮವ್ವನ ಆರತಿ ಮಾಡಬೇಕು, ಅಕಿನ ಸೊಸಿಗೆ ಉಡಿ ತುಂಬಬೇಕು, ಇಲ್ಲಂದ್ರ ನನಗ ಕಾರ್ಯನ ಬ್ಯಾಡ ಅಂದಿದ್ದ. ಶಿವಲಿಂಗವ್ವನ ನೆಗೆಣ್ಣಿ, ಗಂಡನ ತಮ್ಮನ ಹೆಂಡ್ತಿ ಗುರುಲಿಂಗವ್ವ ಅಡ್ಡಗಾಲು ಹಾಕಿದ್ಲು. ಹೆಣ್ಣಿನ ಕಡ್ಯಾವ್ರು ಬಾಗಿಲದಾಗ ಅಪಶಕುನ ಅಂತ ಮಾರಿ ತಿರುವಿದ್ರ ಏನ್ಮಾಡ್ತಿ ಅಂತ ಅಕಿ ವಾದ.

ವಿದ್ಯಾ ಇದನ್ನ ನನ್ನ ಮುಂದ ಹೇಳ್ಕೊಂಡು ಅತ್ತಳು. ನನ್ನ ಮೈ ಉರದು ಹೋತು. ನಿಂತ ನಿಲುವಿನ್ಯಾಗ ಶಿವಲಿಂಗವ್ವಗ ಫೋನ್ ಹಚ್ಚಿದೆ. "ನಾವು ಬಸವಣ್ಣನ ಮಂದಿ ಅದೀವ್ರಿ ಅಕ್ಕಾರ. ನಮ್ಮ ಕಡೆ ಅಂಥಾ ಸುಡುಗಾಡು ಏನೂ ಇಲ್ಲ. ನಿಮ್ಮ ಕೈಲೇನ ಆರತಿ ಆಗಬೇಕು" ಅಂದೆ. ಆ ಕಡಿಂದ "ನನಗ ಅಂಜಿಕಿ ಬರ್ತೈತ್ರಿ. ನಾಕು ಮಂದ್ಯಾಗ ನೀವು ಬ್ಯಾಡಂದ್ರ ನಾ ಮಗನ ಮುಂದ ಹೆಂಗ ನಿಲ್ಲಲಿ?" ಅಂದ್ರು. "ಬ್ಯಾಡಂದ್ರ ನನ್ನ ಹೆಸರು ಸುನಂದಾ ಅಲ್ಲ" ಅಂದೆ. ಎಷ್ಟು ಜಂಬದಿಂದ ಅಂದೆ ಅಂತೀರಿ!

ಮೊದಲ ಬನಶಂಕರಿಗೆ ಉಡಿ ತುಂಬಿ, ಆಮ್ಯಾಲೆ ಹುಡಿಗಿಗೆ ಉಡಿ ತುಂಬೂದು ಅವರ ಮನಿ ಪದ್ಧತಿ. ಅದಕ್ಕ ನಾವು ಮಗಳನ್ನ ಕರ್ಕೊಂಡ ಹೋಗಬೇಕಾತು. ಗಾಡಿ ನಯೀಮಂದು. ನಮ್ಮ ಅಂಗಡಿ ಎದುರಿಗೇನ ಅವನ ಸೀರಿ ಅಂಗಡಿ ಐತಿ. "ವಿದ್ಯಾ ನನ್ನ ತಂಗಿ ಇದ್ದಂಗ ಕಾಕಾ, ಬಾಡಿಗಿ ಗಾಡಿ ಯಾಕ್ರಿ? ನಾ ಬರ್ತೇನಿ" ಅಂದ. ಬಿಳಿ ಕಾರು, ಹೊಚ್ಚ ಹೊಸಾದು, ಸೀಟಿನ ಪ್ಲಾಸ್ಟಿಕ್ ಸುದ್ದಾ ತಗದಿದ್ದಿಲ್ಲ. ನಾ ಒಳಗ ಕುಂತು ಬಾಗಿಲಾ ಜಗ್ಗಿದ್ರ ಅವನಿಗೆ ತ್ರಾಸ ಆಗೂದು ಮಾರಿ ಮ್ಯಾಲೆ ಕಾಣತಿತ್ತು. "ಕಾಕೂ, ಸಾವಕಾಶ್ರಿ, ತಾನ ಹಾಕ್ಕೋತೈತಿ" ಅಂತಿದ್ದ.

ಬೆಳಿಗ್ಗೆ ಹೊಂಟ್ವಿ. ನಾ ಇಳಕಲ್ ಸೀರಿ ಉಟ್ಟಿದ್ದೆ, ಇವರು ಹೊಸಾ ಧೋತರ, ಕೋಟು, ಹೆಗಲ ಮ್ಯಾಲೆ ಜರದಂಚಿನ ಟಾವೆಲ್. ತೊಡಿ ಮ್ಯಾಲೆ ಹಣ್ಣಿನ ಬುಟ್ಟಿ, ಕಾಲಾಗ ಕಾಯಿ ಚೀಲ, ಹಿಂದ ಡಿಕ್ಕಿ ತುಂಬ ಸಾಮಾನು. ಹುನಗುಂದ ದಾಟಿದ ಮ್ಯಾಲೆ ರಸ್ತಾದ ಬಾಜೂಕ ಪೆಟ್ರೋಲ್ ಪಂಪ್ ಕಂಡಿತು ನೋಡ್ರಿ, ಇವರು ನಯೀಮನ ಹೆಗಲು ಬಡದ್ರು. "ಎಷ್ಟ್ ಐತೋ ಎಣ್ಣಿ?"

"ಅರ್ಧಾ ಮ್ಯಾಲೆ ಐತಿ ಕಾಕಾ. ಹೋಗಿ ಬರಾಕ ಧಾರಾಳ ಆತು."

"ಮಗಳ ಉಡಿ ತುಂಬಿಸಾಕ ಅರ್ಧಾ ಟ್ಯಾಂಕಿನ್ಯಾಗ ಹೋಗೂದೇನೋ? ತಿರಗಸು."

ತಿರಗಸಿದ. ಹಿರ್ಯಾರ ಮಾತು ಮೀರೋ ಹುಡುಗ ಅಲ್ಲ ಅಂವ. ಪಂಪಿನ ಮ್ಯಾಲೆ ಅಮಾತೆಪ್ಪ ಅಂತ ಒಬ್ಬಾಂವ, ಮೀಸಿ ಹಣ್ಣಾದಾಂವ, ಪೈಪು ಹಚ್ಚಿದ. ಇವರು ಇಳದು ಟ್ಯಾಂಕಿನ ಹತ್ತರ ಹೋಗಿ ನಿಂತ್ರು. ಅಂಗಡ್ಯಾಗ ತಕ್ಕಡಿ ಮುಂದ ಹೆಂಗ ನಿಲ್ತಾರ, ಹಂಗ. ಸ್ವಲ್ಪ ಹೊತ್ತಿಗೆ ಪೈಪು ಟಕ್ ಅಂತು.

"ಫುಲ್ ಆತ್ರೀ" ಅಂದ ಅಮಾತೆಪ್ಪ.

"ಇನ್ನಾ ಹಿಡೀತೈತಿ" ಅಂದ್ರು ಇವರು.

"ಮಿಷನ್ನ ಸಾಕು ಅಂದೈತ್ರಿ ಸಾವಕಾರ್ರ."

"ಮಿಷನ್ನಿಗೇನ್ ತಿಳೀತೈತೋ? ಒಳಗ ಗಾಳಿ ಕುಂತಿರತೈತಿ. ತಡಿ, ಇಳಸ್ತೇನಿ" ಅಂತ ಹೇಳಿ, ಏನ್ಮಾಡಿದ್ರು ಗೊತ್ತೇನ್ರಿ? ಕೋಟಿನ ತೋಳು ಏರಿಸಿ, ಕಾರಿನ ಮೂಲಿಗೆ ಎರಡೂ ಕೈ ಕೊಟ್ಟು, ಸೊಂಟಾ ಹಚ್ಚಿ, ಜ್ವಾಳದ ಚೀಲ ಅಲುಗ್ಯಾಡ್ಸಿದಂಗ ಗಾಡಿ ಅಲುಗ್ಯಾಡ್ಸಾಕ ಹತ್ತಿದ್ರು! ಒಳಗ ನಾವು ತಾಯಿ-ಮಗಳು ಈ ಬಾಗಿಲಕ್ಕೊಮ್ಮೆ ಆ ಬಾಗಿಲಕ್ಕೊಮ್ಮೆ ತಾಗಿದ್ವಿ. ಕಾಯಿ ಉರುಳಿ ಸೀಟಿನ ಕೆಳಗ ಹೋದ್ವು. ಬಾಳಿಹಣ್ಣು ನನ್ನ ತೊಡಿ ಮ್ಯಾಲೆ ನುಗ್ಗಾದ್ವು. ವಿದ್ಯಾ "ಅಪ್ಪಾ!" ಅಂತಾಳ, ನಯೀಮ "ಕಾಕಾ, ಸಸ್ಪೆನ್ಶನ್ ರೀ!" ಅಂತಾನ. ಎದುರಿಗೆ ನಿಂತ ಟ್ರ್ಯಾಕ್ಟರಿನ ಮಂದಿ ಇಳದು ಬಂದು ನೋಡಾಕತ್ತಿದ್ರು. ಅವಾಗ ನೋಡ್ರಿ ನಾ ಕಿಡಕ್ಯಾಗಿಂದ ತಲಿ ಹೊರಗ ಹಾಕಿ ಹೆಸರು ಹಿಡದು ಒದರಿದ್ದು.

ಹೆಂಡ್ತಿ ಬಾಯಾಗ ತಮ್ಮ ಹೆಸರು ಕೇಳಿ ಅವರು ದಂಗಾಗಿ ನಿಂತ್ರು. ಆದ್ರ ಅಷ್ಟರಾಗ ಅಮಾತೆಪ್ಪನೂ, ಹಿರ್ಯಾರು ಇಷ್ಟು ಕಷ್ಟಪಟ್ಟಾರ ಅಂತೋ ಏನೋ, ಮತ್ತ ಪೈಪು ಒತ್ತಿಬಿಟ್ಟಿದ್ದ. ಬುಗ್ ಅಂತ ಉಕ್ಕಿತ್ರಿ ಪೆಟ್ರೋಲು. ಕಾರಿನ ಬಿಳಿ ಮೈಮ್ಯಾಲೆ ಹರದು, ಗಾಲಿ ಮ್ಯಾಲೆ ಇಳದು, ಇವರ ಹೊಸಾ ಧೋತರ ಮೊಣಕಾಲಿನ ಕೆಳಗ ಪೂರಾ ತೋಯಿಸಿ, ನೆಲದಾಗ ಕೆರಿ ಆಗಿ ನಿಂತಿತು.

"ಈಗ ತುಂಬ್ತು" ಅಂದ್ರು ಇವರು. ಖರೇನ ಅಂದ್ರು. ಸಮಾಧಾನದಿಂದ ಅಂದ್ರು.

ನಯೀಮ ಇಳದು ಬಂದು ಗಾಡಿ ನೋಡಿದ. ಬಾಯಿಂದ ಒಂದು ಬೈಗಳಾ ಬರಲಿಲ್ಲ, ಕಣ್ಣಾಗ ಮಾತ್ರ ನೀರು ಬಂದ್ವು. ಅದನ್ನ ನೋಡಿ ಇವರಿಗೆ ಗಾಬರಿ ಆತು. ಹೆಗಲ ಮ್ಯಾಲಿನ ಟಾವೆಲ್ ತಗದು ಗಸಗಸ ಒರಸಾಕ ಹತ್ತಿದ್ರು. "ಒರಸಬ್ಯಾಡ್ರೀ, ಧೂಳಾ ಇರತೈತಿ, ಗೀರು ಬೀಳ್ತಾವು, ನೀರು ಹಾಕಬೇಕು!" ಅಂತ ಅಮಾತೆಪ್ಪ ಬಕೀಟು ತರಾಕ ಓಡಿದ. ಇವರಿಗೆ ಅಲ್ಲೀಮಟ ತಡಕೊಳ್ಳೂ ತಾಳ್ಮಿ ಎಲ್ಲಿಂದ ಬರಬೇಕು? ಎಣ್ಣಿ ಚೆಲ್ಲಿದ್ರ ಬೂದಿ ಹಾಕಬೇಕು, ಅದು ಹೀರ್ಕೋತೈತಿ ಅಂತ ಇವರಜ್ಜಿ ಹೇಳಿದ್ದು ನೆನಪಾತು. ಪಂಪಿನ್ಯಾಗ ಬೂದಿ ಎಲ್ಲಿರತೈತಿ? ಕೋಟಿನ ಕಿಸೇಕ ಕೈ ಹಾಕಿ ಬೀಗರಿಗೆ ಅಂತ ತಂದ ವಿಭೂತಿ ಗಟ್ಟಿ ತಗದ್ರು. ನಾ "ಬ್ಯಾಡ" ಅನ್ನೂದ್ರಾಗ ಪುಡಿ ಮಾಡಿ ಕಾರಿಗೆ ಬಳದು ತಿಕ್ಕಿಬಿಟ್ರು.

"ಕಾಕಾ, ಬಣ್ಣ ಹೋತ್ರೀ!" ಅಂತ ಅಂವ ಅತ್ತಬಿಟ್ಟ ನಿಜವಾಗ್ಲೂ.

ಅಮಾತೆಪ್ಪ ಬಂದಾಂವನ ಮೊದಲು ಇವರ ಕೈ ಹಿಡದು ಸರಿಸಿದ. ನೆಲದ ಮ್ಯಾಲೆ ಉಸುಕು ಹಾಕಿದ, ಗಾಡಿ ಚಾಲೂ ಮಾಡಬ್ಯಾಡ್ರಿ ಅಂದ, ನಮ್ಮನ್ನ ಇಳಿಸಿದ, ಎಲ್ಲಾರೂ ಕೂಡಿ ಗಾಡಿ ಮುಂದ ದೂಡಿದ್ವಿ. ಜರದ ಸೀರಿ ಕಚ್ಚಿ ಹಾಕ್ಕೊಂಡು ಕಾರು ದೂಡಿದಾಕಿ ನಾ! ಆಮ್ಯಾಲೆ ಅಂವ ನೀರು ಹಾಕಿ, ಸಾಬೂನು ಹಚ್ಚಿ, ಮತ್ತ ನೀರು ಹಾಕಿ ತೊಳದ. ಬಣ್ಣೇನೂ ಹೋಗಿದ್ದಿಲ್ಲ, ವಿಭೂತಿ ತಿಕ್ಕಿದಲ್ಲಿ ಸಣ್ಣ ಗೀರು ಬಿದ್ದಿದ್ವು. ನಯೀಮ ಆ ಗೀರಿನ ಮ್ಯಾಲೆ ಬಟ್ಟು ಆಡಿಸಿ ಆಡಿಸಿ ನೋಡ್ತಿದ್ದ. ಇವರು ಬಾಜೂಕ ಟಾವೆಲ್ ಹಿಡ್ಕೊಂಡು ನಿಂತಿದ್ರು, ಅದರಿಂದ ಪೆಟ್ರೋಲ್ ಸೋರ್ತಿತ್ತು. "ಇದನ್ನ ಹಿಂಡಿ ಟ್ಯಾಂಕಿಗೆ ಹಾಕಿದ್ರ..." ಅಂತ ಬಾಯಿ ತಗದ್ರು. ನಾ ನೋಡಿದ ನೋಟಕ್ಕ ಮಾತು ಅಲ್ಲೇ ನುಂಗಿದ್ರು.

"ಹುನಗುಂದಕ್ಕ ತಿರುಗಿ ಹೋಗಿ ಒಂದು ಧೋತರ ತಗೊಳ್ಳೂಣು" ಅಂದೆ. ಮುಹೂರ್ತ ಮೀರತೈತಿ ಅಂದ್ರು. ಹಂಗಾರ ಅಲ್ಲೇ ನಳಕ್ಕ ತೊಳಕೋರಿ ಅಂದೆ. ಹಸಿ ಧೋತರ ಉಟ್ಟು ಬೀಗರ ಮನಿಗೆ ಹೋಗಲೇನ ಅಂದ್ರು. "ಪೆಟ್ರೋಲ್ ಅಂದ್ರ ಗಾಳಿಗೆ ಹಾರೂ ವಸ್ತು. ಬಾದಾಮಿ ಮುಟ್ಟೂದ್ರಾಗ ನಾ ಖಡಕ್ ಆಗಿರತೇನಿ" ಅಂದ್ರು. ಧೋತರದ ಮಟ್ಟಿಗೆ ಅವರ ಮಾತು ಸುಳ್ಳಲ್ಲ ಅನ್ರಿ. ಅಮೀನಗಡ ದಾಟಿ ಹೋಗೋಮಟ ಅದರ ಚುಂಗು ಕಿಡಕ್ಯಾಗಿಂದ ಹೊರಗ ಹಿಡದು ಕುಂತಿದ್ರು. ಎದುರು ಬಂದ ಬಸ್ಸಿನ ಡ್ರೈವರ ಏನೋ ತೊಂದರಿ ಐತಿ ಅಂತ ಗಾಡಿ ನಿಲ್ಲಿಸಿ ಕೇಳಿದ.

ಟಾವೆಲ್ ಸುದ್ದಿ ಬ್ಯಾರೆ. ಗಾಡ್ಯಾಗ ವಾಸನಿ ಆಗತೈತಿ ಅಂತ ನಯೀಮ ಅದನ್ನ ತನ್ನ ಅಂಗಡಿ ಪ್ಲಾಸ್ಟಿಕ್ ಸೀರಿ ಚೀಲದಾಗ ಹಾಕಿ, ಗಾಳಿ ಆಡದಂಗ ಗಂಟು ಬಿಗದು, ಕಾಲಾಗ ಇಟ್ಟಿದ್ದ. ಮ್ಯಾಲೆ ಎಲ್ಲಾರ ಬಟ್ಟಿಗೂ ಅತ್ತರು ಹಚ್ಚಿದ. ಚೊಳಚಗುಡ್ಡ ಮುಟ್ಟೂದ್ರಾಗ ನಮ್ಮ ಮೂಗು ಸತ್ತು ಹೋಗಿದ್ವು. ಏನು ವಾಸನಿ, ಎಲ್ಲೀ ವಾಸನಿ, ಒಂದೂ ತಿಳೀತಿದ್ದಿಲ್ಲ.

ಗಾಡಿ ನಿಂತಿತು. ಬಾಗಿಲದಾಗ ಮಂದಿ ಕೂಡಿದ್ರು. ಇವರು ಇಳದು ಕೋಟು ಜಗ್ಗಿಕೊಂಡು, ಹೆಗಲು ಮುಟ್ಟಿ ನೋಡ್ಕೊಂಡ್ರು. ಟಾವೆಲ್ ಇಲ್ಲ. ಹೆಗಲ ಮ್ಯಾಲೆ ಬಟ್ಟಿ ಇಲ್ಲದ ಬೀಗರ ಬಾಗಿಲಕ್ಕ ಹೋಗೂದಂದ್ರ ಇವರಿಗೆ ಬರೇ ಮೈಯಿಲೆ ಹೋದಂಗ. ನಾ ಹಣ್ಣಿನ ಬುಟ್ಟಿ ಸರಿಮಾಡೂದ್ರಾಗ ಬಗ್ಗಿ ಆ ಚೀಲದ ಗಂಟು ಬಿಚ್ಚಿ, ಟಾವೆಲ್ ಕೊಡವಿ, ನೀಟಾಗಿ ಹೆಗಲಿಗೆ ಹಾಕ್ಕೊಂಡು ಮುಂದ ನಡದಬಿಟ್ರು. ಪೆಟ್ರೋಲಿನ್ಯಾಗ ನೆಂದ ಟಾವೆಲ್ಲು, ಚೀಲದಾಗ ಇದ್ದದ್ದಕ್ಕ ಒಂದು ಹನಿ ಆರಿದ್ದಿಲ್ಲ.

ಹೊಸ್ತಿಲದಾಗ ಶಿವಲಿಂಗವ್ವ ನಿಂತಿದ್ರು. ತಿಳಿ ಬಣ್ಣದ ಸೀರಿ, ಹಣಿ ಮ್ಯಾಲೆ ವಿಭೂತಿ, ಕೈಯಾಗ ಆರತಿ ತಟ್ಟಿ. ತಟ್ಟ್ಯಾಗ ದೀಪ ಉರೀತಿದ್ವು. ಬಾಜೂಕ ಅನಿಲ, ಹಿಂದ ಗುರುಲಿಂಗವ್ವ, ಅಕಿ ಕಣ್ಣು ನಮ್ಮ ಮಾರಿ ಮ್ಯಾಲೆನ ಇತ್ತು. ನಾ ನಗು ನಗುತಾ ಹೋಗಿ ಇವರ ಬಾಜೂಕ ನಿಂತೆ. ಶಿವಲಿಂಗವ್ವ ನನ್ನ ನೋಡಿದ್ರು, ನಾ ತಲಿ ಹಾಕಿದೆ, ಮಾಡ್ರಿ ಅಂತ. ತಟ್ಟಿ ಎತ್ತಿದ್ರು, ಇವರ ಮಾರಿ ಮುಂದ ತಂದ್ರು, ತಿರುವಾಕ ಹತ್ತಿದ್ರು. ಇವರು ಭಕ್ತಿಯಿಂದ ಬಗ್ಗಿದ್ರು. ಟಾವೆಲ್ಲಿನ ಜರದ ಚುಂಗು ಹೆಗಲಿಂದ ದೀಪದ ಕಡೆ ಜಾರಾಕ ಹತ್ತಿತು. ಅವಾಗ ನನ್ನ ಸತ್ತ ಮೂಗಿಗೆ ಜೀವ ಬಂತ್ರಿ!

ಒದರಾಕ ಹೊತ್ತಿದ್ದಿಲ್ಲ. ಬಗ್ಗಿ ಫೂ ಅಂತ ಊದಿಬಿಟ್ಟೆ. ಎಲ್ಲಾ ದೀಪಾ ಹೋದ್ವು.

ನಮ್ಮ ಕಡೆ ದೀಪಾ ಆರಸು ಅಂತ ಬಾಯಿಲೆ ಸುದ್ದಾ ಅನ್ನಂಗಿಲ್ಲ, ಶಾಂತ ಮಾಡು ಅಂತೇವಿ. ಅಂಥಾದ್ರಾಗ ಉಡಿ ತುಂಬೂ ಮನಿ ಹೊಸ್ತಿಲದಾಗ, ಬೀಗತಿ ಕೈಯಾಗಿನ ಆರತಿ, ಬಾಯಿಲೆ ಊದಿದ್ದೆ. ಶಿವಲಿಂಗವ್ವನ ಮಾರಿ ಬಿಳಚಿತು. ತಟ್ಟಿ ಕೆಳಗ ಇಳಿಸಿ, ಸಣ್ಣ ದನಿಲೆ, "ತಪ್ಪಾತ್ರಿ. ನಾ ಮುಂದ ಬರಬಾರದಾಗಿತ್ತು" ಅಂದ್ರು. ತಟ್ಟಿ ಗುರುಲಿಂಗವ್ವನ ಕೈಯಾಗ ಕೊಟ್ಟು ಒಳಗ ಹೊಂಟ್ರು. ಅನಿಲ ನನ್ನ ನೋಡಿದ. ಆ ಹುಡುಗನ ಕಣ್ಣಾಗಿನ ಸಿಟ್ಟು ನೋಡಿ ನನ್ನ ಎದಿ ಒಡೀತು. ವಿದ್ಯಾ ನನ್ನ ಕೈ ಬಿಡಿಸ್ಕೊಂಡು ದೂರ ಸರದು ನಿಂತ್ಲು.

ಗುರುಲಿಂಗವ್ವಗ ಇದ ಬೇಕಾಗಿತ್ತು. "ನಾ ಹೇಳಿದ್ದಿಲ್ಲೇನ? ಇರ್ಲಿ, ನಾ ಮಾಡ್ತೇನಿ" ಅಂತ ಸೊಂಟದಾಗಿನ ಕಡ್ಡಿಪೆಟ್ಟಿಗಿ ತಗದು, ಇವರ ಮಾರಿ ಮುಂದ ಬಂದು, ಕಡ್ಡಿ ಗೀರಾಕ ಕೈ ಎತ್ತಿದ್ಲು. ನಾ ಹಾರಿ ಕಡ್ಡಿಪೆಟ್ಟಿಗಿ ಕಸಗೊಂಡು ಬೇಲಿ ಆಚೆ ಒಗದೆ. ಈಗಂತೂ ಎಲ್ಲಾರಿಗೂ ಖಾತ್ರಿ ಆತು, ಹೆಣ್ಣಿನ ಅವ್ವಗ ಹುಚ್ಚು ಹಿಡದೈತಿ ಅಂತ.

"ಇವರ ಮೈಮ್ಯಾಲೆ ಪೆಟ್ರೋಲ್ ಐತ್ರೇ!" ಅಂತ ಒದರಿದೆ. "ಉರದು ಹೋಗ್ತಿದ್ರು ಈರಪ್ಪ!"

"ಪೆಟ್ರೋಲ್ ಅಂತ, ಪೆಟ್ರೋಲ್! ಅತ್ತರಿನ ವಾಸನಿ ಬರಾಕತ್ತೈತಿ" ಅಂದ್ಲು ಗುರುಲಿಂಗವ್ವ. "ಇಂಥಾ ನೆವಾ ಹೇಳೋ ಮಂದಿನ್ನ ಭಾಳ ನೋಡೀನಿ."

ನಾ ಇವರ ಹೆಗಲ ಮ್ಯಾಲಿನ ಟಾವೆಲ್ ಕಿತ್ತು, ಯಾರನ್ನೂ ಕೇಳದ ಒಳಗ ನುಗ್ಗಿ, ಅಡಗಿಮನಿ ಬಾಗಿಲದ ಹತ್ತರ ಶಿವಲಿಂಗವ್ವನ್ನ ಅಡ್ಡ ಹಾಕಿ, ಮೂಗಿಗೆ ಹಿಡದೆ. "ಮೂಸ್ರಿ! ಮೂಸಿ ನೋಡ್ರಿ ಅಕ್ಕಾರ! ನಿಮ್ಮ ಆಣಿ ಮಾಡಿ ಹೇಳ್ತೇನಿ!" ಅವರು ಮೂಸಿದ್ರು. ಕೆಮ್ಮು ಬಂತು, ಕಣ್ಣಾಗ ನೀರು ಬಂದ್ವು. ಒಲಿ ಕಡೆ ನೋಡಿದ್ರು, ಟಾವೆಲ್ ಕಡೆ ನೋಡಿದ್ರು. ಮರುಗಳಿಗಿ ನನ್ನ ರೆಟ್ಟಿ ಹಿಡದು ದರದರ ಅಂಗಳಕ್ಕ ಎಳಕೊಂಡು ಬಂದು, ಟಾವೆಲ್ ನೀರಿನ ಬಕೀಟಿನ್ಯಾಗ ಮುಳುಗಿಸಿ, "ಅನಿಲಾ, ನಿಮ್ಮ ಮಾವನ್ನ ನಳದ ಕೆಳಗ ಕುಂದ್ರಸು!" ಅಂತ ಹುಕುಂ ಮಾಡಿದ್ರು.

ಕುಂದ್ರಿಸಿದ್ರು. ತಲಿ ಮ್ಯಾಲಿಂದ ನೀರು ಬಿಟ್ರು, ಸಾಬೂನು ಕೊಟ್ರು. ಉಡಾಕ ಮನ್ಯಾಗ ಧೋತರ ಇದ್ದಿಲ್ಲ, ಅನಿಲಂದು ಡ್ರಿಲ್ಲಿನ ನೀಲಿ ಪ್ಯಾಂಟು, ಎದಿ ಮ್ಯಾಲೆ ನಂಬರ್ ಇದ್ದ ಬನೀನು. ಅದನ್ನ ಹಾಕ್ಕೊಂಡು, ಹಣಿಗೆ ವಿಭೂತಿ ಹಚ್ಚಿಕೊಂಡು ನಮ್ಮನಿಯವರು ಹೊರಗ ಬಂದ್ರು. ನಯೀಮ ಮುಂಜಾನೆಯಿಂದ ಮೊದಲನೇ ಸಲ ನಕ್ಕ. ಅನಿಲನ ಸಿಟ್ಟೂ ಇಳೀತು. ವಿದ್ಯಾ ಬಂದು ನನ್ನ ಬಾಜೂಕ ನಿಂತು ನನ್ನ ಕೈ ಹಿಡದ್ಲು. ಎಲ್ಲಾ ಸರಿ ಹೋತು ಅಂತ ಅನ್ಕೊಂಡೆ.

ಆದ್ರ ಶಿವಲಿಂಗವ್ವ ತಟ್ಟಿ ಮುಟ್ಟಲಿಲ್ಲ. "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ ಅಕ್ಕಾರ, ಪೆಟ್ರೋಲ್ ಇತ್ತು ಅಂತ ತಿಳೀತು" ಅಂದ್ರು. "ಆದ್ರ ನಾ ಎತ್ತಿದ ಮೊದಲನೇ ಆರತಿ ಶಾಂತ ಆತು. ಇನ್ನ ನನ್ನ ಕೈ ಏಳಂಗಿಲ್ಲ. ಗುರುಲಿಂಗವ್ವ ಮಾಡ್ಲಿ." ಅಂದು ಕೈ ಎರಡೂ ಸೆರಗಿನೊಳಗ ಮುಚ್ಚಿಕೊಂಡ್ರು.

ಬಾಜೂಕ ನೋಡಿದ್ರ ಇವರು ಡ್ರಿಲ್ಲಿನ ಪ್ಯಾಂಟಿನ್ಯಾಗ ಅಂಗಳದ ಮಣ್ಣಾಗ ಹೊಸ್ತಿಲಿಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕುಂತಬಿಟ್ರು.

"ಏಳ್ರಿ ಮಾವಾರ" ಅಂದ ಅನಿಲ.

"ಏಳಂಗಿಲ್ಲ. ಆರತಿ ಪೂರಾ ಆಗಿಲ್ಲ, ನಾ ಹೆಂಗ ಒಳಗ ಬರಲಿ? ಬೀಗತಿ, ತಪ್ಪು ನಂದು. ಬೈರಿ, ಬೇಕಾದ್ರ ನಾಕು ಹೊಡೀರಿ. ಆದ್ರ ನನ್ನ ಮಗಳನ್ನ ಮನಿ ತುಂಬಿಸಿಕೊಳ್ಳಾಕಿ ನೀವು. ನಿಮ್ಮ ಕೈ ಬಿಟ್ಟು ಬ್ಯಾರೆದವರ ಕೈಲೆ ನನಗ ಬ್ಯಾಡ." ಲಗ್ನಾದ ಮ್ಯಾಲೆ ಅವರ ಮ್ಯಾಲೆ ಇಷ್ಟು ಪ್ರೀತಿ ನನಗ ಎಂದೂ ಬಂದಿದ್ದಿಲ್ಲ, ಖರೆ ಹೇಳ್ತೇನಿ.

ನಾನೂ ಕುಂತೆ, ಇಳಕಲ್ ಸೀರಿ ಮಣ್ಣಾಗಲಿ ಬಿಡು ಅಂತ. ನಯೀಮನೂ ಬಂದು ಕುಂತ. ಬಿಸಲು ನೆತ್ತಿಗೆ ಏರಿತ್ತು. ಒಳಗಿಂದ ಹೋಳಗಿ ವಾಸನಿ ಬರ್ತಿತ್ತು, ಯಾರೂ ಅಲುಗಲಿಲ್ಲ. ಗುರುಲಿಂಗವ್ವ ನಮ್ಮನ್ನ ನೋಡಿದ್ಲು, ತನ್ನ ಕೈಯಾಗಿನ ತಟ್ಟಿ ನೋಡಿದ್ಲು. ಅಕಿಗೂ ಮನಸು ಅನ್ನೂದೊಂದು ಇತ್ತು ನೋಡ್ರಿ. ಬೇಲಿ ಆಚೆ ಹೋಗಿ ಕಡ್ಡಿಪೆಟ್ಟಿಗಿ ಹುಡುಕಿ ತಂದು ಶಿವಲಿಂಗವ್ವನ ಮುಂದ ಹಿಡದು, "ಹಚ್ಚವಾ ನೀನ. ಈ ಮಂದಿ ಏಳೂ ಮಂದಿ ಅಲ್ಲ" ಅಂದ್ಲು.

ಶಿವಲಿಂಗವ್ವ ಕಡ್ಡಿ ಗೀರಿದ್ರು. ಮೊದಲನೇದು ಮುರೀತು. ಇನ್ನೊಂದು ಗೀರಿದ್ರು, ಹತ್ತಿತು. ದೀಪ ಹಚ್ಚಿ ತಟ್ಟಿ ಎತ್ತಿ ಬಂದ್ರು. ನಾವು ಎದ್ದು ನಿಂತ್ವಿ. ನಂಬರಿನ ಬನೀನು ಹಾಕ್ಕೊಂಡು ನಿಂತ ನಮ್ಮನಿಯವರಿಗೆ ತಿರುವಿದ್ರು, ವಿದ್ಯಾಗ ತಿರುವಿದ್ರು, ಬ್ಯಾಡ ಬ್ಯಾಡ ಅನಕೋತ ಹಿಂದ ಸರದ ನಯೀಮನ್ನ ಕರದು ಅವನಿಗೂ ತಿರುವಿದ್ರು. ಕಡೀಕ ನನ್ನ ಮುಂದ ಬಂದು ನಿಂತ್ರು. ದೀಪದ ಹಿಂದ ಅವರ ಮಾರಿ ಕಂಡಿತು, ಅಳಾಕತ್ತಿದ್ರೋ ನಗಾಕತ್ತಿದ್ರೋ ತಿಳೀಲಿಲ್ಲ. ತಟ್ಟಿ ನನ್ನ ಬಾಯಿ ಹತ್ತರ ತಂದು ಹಿಡದ್ರು.

"ಈಗ ಊದ್ರಿ ನೋಡೂಣು" ಅಂದ್ರು.

ಎಲ್ಲಿ ಊದಲಿ? ಅಳು ಬಂದು ನನಗ ಉಸಿರ ಇದ್ದಿಲ್ಲ.